ಸರ್ವಧರ್ಮ ಸೌಹಾರ್ದ ಸಭೆಗಳ ಸಂಘಟಕರಿಗೆ ಮತ್ತು ಧರ್ಮಗುರುಗಳಿಗೆ ಒಂದು ಬಹಿರಂಗ ಪತ್ರ

ಸೌಹಾರ್ದ ಸಭೆಗಳನ್ನು ಸಂಘಟಿಸುವವರಿಗೆ, ಆ ವೇದಿಕೆಗಳಲ್ಲಿ ಮಾತಾಡುವ ಎಲ್ಲ ಮತಗಳ ಗುರುಹಿರಿಯರಿಗೆ, ಅವಕ್ಕೆ ಅನುದಾನ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ಧಾರ್ಮಿಕ ನಂಬಿಕೆ ಮತ್ತು ಗುಂಪಿನ ನಡವಳಿಕೆಯನ್ನು ಅಭ್ಯಾಸ ಮಾಡುವ, ಕಲಿಸುವ ನಾವು ಈ ಪತ್ರವನ್ನು ಗೌರವದಿಂದಲೇ ಬರೆಯುತ್ತಿದ್ದೇವೆ. ಹಗೆ ಹರಡುವವರಿಗೆ ಹಣವೂ ಜನವೂ ಸಲೀಸಾಗಿ ಸಿಗುವಾಗ ನೀವು ಬೇರೆ ಬೇರೆ ಸಮುದಾಯಗಳನ್ನು ಒಂದೇ ಸೂರಿನಡಿ ಕೂರಿಸಲು ಓಡಾಡುತ್ತೀರಿ. ನಿಮ್ಮ ಉದ್ದೇಶದ ಬಗ್ಗೆ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ನಮ್ಮ ದೂರು ಇರುವುದು ವಿಧಾನದ ಮೇಲೆ. ಸಮಾಜ ಮನಶ್ಶಾಸ್ತ್ರ ಎಪ್ಪತ್ತು ವರ್ಷಗಳಿಂದ ಕಂಡುಕೊಂಡ ಮುಖ್ಯ ಸಂಗತಿಗಳು ಈ ಸಭೆಗಳ ಯೋಜನೆಯೊಳಗೆ ಕಾಲಿಟ್ಟಿಲ್ಲ. ಕೆಲವು ಕಡೆಯಂತೂ ಅವಕ್ಕೆ ತದ್ವಿರುದ್ಧವಾದದ್ದೇ ನಡೆಯುತ್ತಿದೆ.

ಸಭೆಯ ನಡಾವಳಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮತಕ್ಕೊಬ್ಬರಂತೆ ಮುಖಂಡರು ವೇದಿಕೆಯ ಮೇಲೆ ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಗ್ರಂಥದಿಂದ ದಯೆಯ ಬಗೆಗಿನ ಒಂದು ವಾಕ್ಯ ಉದ್ಧರಿಸುತ್ತಾರೆ. ಎಲ್ಲ ಧರ್ಮಗಳ ಸಾರ ಒಂದೇ ಎಂದು ಯಾರಾದರೂ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಕೆಳಗೆ ಕೂತವರು ಯಾರ ಜೊತೆ ಬಂದಿದ್ದರೋ ಅವರ ಪಕ್ಕದಲ್ಲೇ ಕೂತಿರುತ್ತಾರೆ, ಅವರ ಜೊತೆಗೇ ಎದ್ದು ಹೋಗುತ್ತಾರೆ. ಎರಡು ಗಂಟೆಯಲ್ಲಿ ಆಚೆಯವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡುವ ಸಂದರ್ಭ ಯಾರಿಗೂ ಒದಗುವುದಿಲ್ಲ. ಮುಂದೊಂದು ರಾತ್ರಿ ವದಂತಿ ಹಬ್ಬಿದಾಗ, ಆ ಸಭೆಗೆ ಬಂದಿದ್ದವರ ಫೋನಿನಲ್ಲಿ ‘ಇದು ನಿಜವೇ?’ ಎಂದು ಕೇಳಲು ಆಚೆಯವರ ಒಂದು ನಂಬರೂ ಇರುವುದಿಲ್ಲ.

ಇದರ ಹಿಂದೆ ಒಂದು ಊಹೆ ಕೆಲಸ ಮಾಡುತ್ತಿದೆ. ಜನರಿಗೆ ತಮ್ಮ ಧರ್ಮ ಸರಿಯಾಗಿ ತಿಳಿದಿಲ್ಲ, ಪರಧರ್ಮವಂತೂ ತಿಳಿದೇ ಇಲ್ಲ, ತಿಳಿಸಿಬಿಟ್ಟರೆ ಜಗಳ ನಿಲ್ಲುತ್ತದೆ ಎಂಬ ಊಹೆ ಅದು. ಸಿದ್ಧಾಂತದ ಅರಿವಿನಿಂದ ನಡತೆ ಬದಲಾಗುತ್ತದೆ ಎಂದು ನೀವು ನಂಬಿದ್ದೀರಿ. ನಮ್ಮ ಕ್ಷೇತ್ರದ ಪುರಾವೆಗಳು ಹೇಳುವುದು ಬೇರೆ: ಹಗೆ ಬೆಳೆಯುವುದಕ್ಕೆ ಸಿದ್ಧಾಂತದ ಅಗತ್ಯವೇ ಇಲ್ಲ, ‘ನಮ್ಮವರು’ ಎಂಬ ಒಂದು ಗೆರೆ ಸಾಕು.

ಹೆನ್ರಿ ತಾಜ್‌ಫೆಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಡೆಸಿ 1970 ಮತ್ತು 1971ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೀವು ಒಮ್ಮೆ ವಿವರವಾಗಿ ನೋಡಬೇಕು. 14–15 ವರ್ಷದ ಶಾಲಾ ಹುಡುಗರನ್ನು ಎರಡು ಗುಂಪು ಮಾಡಲಾಯಿತು. ಪರದೆಯ ಮೇಲಿನ ಚುಕ್ಕೆಗಳನ್ನು ಹೆಚ್ಚು ಎಣಿಸಿದವರು, ಕಡಿಮೆ ಎಣಿಸಿದವರು ಎಂದು ಒಮ್ಮೆ. ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ಇಷ್ಟ ಎಂಬುದರ ಮೇಲೆ ಇನ್ನೊಮ್ಮೆ. ವಿಂಗಡಣೆ ನಿಜಕ್ಕೂ ಮನಬಂದಂತೆ ಮಾಡಿದ್ದು. ಗುಂಪಿನಲ್ಲಿ ಇನ್ಯಾರಿದ್ದಾರೆಂದು ಹುಡುಗರಿಗೆ ಗೊತ್ತಿರಲಿಲ್ಲ, ಹಳೆಯ ದ್ವೇಷವಿರಲಿಲ್ಲ, ತಮಗೆ ತಾವೇ ಹಣ ಹಂಚಿಕೊಳ್ಳುವ ಅವಕಾಶವೂ ಇರಲಿಲ್ಲ. ಪಟ್ಟಿಯಿಂದ ಆರಿಸಿ ಬೇರೆ ಇಬ್ಬರು ಹುಡುಗರಿಗೆ, ಹಣವಾಗಿ ಬದಲಾಗುವ ಅಂಕ ಹಂಚುವುದಷ್ಟೇ ಅವರ ಕೆಲಸ. ಒಂದು ಪಟ್ಟಿಯ ಒಂದು ತುದಿಯಲ್ಲಿ ತಮ್ಮ ಗುಂಪಿನವನಿಗೆ 7 ಅಂಕ, ಆಚೆಯವನಿಗೆ 1. ಇನ್ನೊಂದು ತುದಿಯಲ್ಲಿ ತಮ್ಮವನಿಗೆ 19, ಆಚೆಯವನಿಗೆ 25. ಎರಡನೆಯ ತುದಿಯಲ್ಲಿ ಎಲ್ಲರಿಗೂ ಲಾಭ. ಹುಡುಗರು ಅತ್ತ ಪೂರ್ತಿ ಹೋಗಲಿಲ್ಲ. ತಮ್ಮವನಿಗೆ ಕಡಿಮೆ ಸಿಕ್ಕರೂ ಸರಿ, ಆಚೆಯವನಿಗಿಂತ ಮುಂದಿರಬೇಕು ಎಂಬ ಕಡೆಗೆ ವಾಲಿದರು. ಇಲ್ಲಿ ಗ್ರಂಥವಿಲ್ಲ, ದೇವರಿಲ್ಲ, ಇತಿಹಾಸವಿಲ್ಲ. ‘ನೀನು ಈ ಗುಂಪಿನವನು’ ಎಂಬ ಒಂದು ಮಾತು ಇಷ್ಟು ಮಾಡಿತು.

ಧರ್ಮ ಈ ಗೆರೆಯ ಮೇಲೆ ಬಹಳಷ್ಟನ್ನು ಕಟ್ಟುತ್ತದೆ. ಹುಟ್ಟು, ಮದುವೆ, ಸಾವು ಅದರೊಳಗೇ ನಡೆಯುತ್ತವೆ. ಉಡುಗೆ, ಹೆಸರು, ಕ್ಯಾಲೆಂಡರು ಅದನ್ನು ದಿನವೂ ನೆನಪಿಸುತ್ತವೆ. ಕಟ್ಟುಪಾಡುಗಳು ದುಬಾರಿಯಾದಷ್ಟೂ ಬಂಧ ಗಟ್ಟಿಯಾಗುತ್ತದೆ. 19ನೆಯ ಶತಮಾನದ ಅಮೆರಿಕದಲ್ಲಿ ದುಡಿಮೆ, ಆಸ್ತಿ ಹಂಚಿಕೊಂಡು ಒಟ್ಟಿಗೆ ಬಾಳುತ್ತಿದ್ದ 200 ಸಹಜೀವನ ಸಮುದಾಯಗಳ ಆಯುಷ್ಯವನ್ನು ರಿಚರ್ಡ್ ಸೋಸಿಸ್ ಹೋಲಿಸಿ ನೋಡಿದಾಗ, ಧಾರ್ಮಿಕ ಸಮುದಾಯವೊಂದು ಯಾವುದೇ ಒಂದು ವರ್ಷವನ್ನು ದಾಟಿ ಉಳಿಯುವ ಸಾಧ್ಯತೆ ಲೌಕಿಕ ಸಮುದಾಯಕ್ಕಿಂತ ಸುಮಾರು ನಾಲ್ಕು ಪಟ್ಟು ಇತ್ತು. ಆಮೇಲೆ 83 ಸಮುದಾಯಗಳ ವಿವರ ಕೆದಕಿದಾಗ ಇನ್ನೂ ಒಂದು ಅಂಶ ಕಂಡಿತು: ಉಪವಾಸ, ತ್ಯಾಗ, ನಿಷೇಧಗಳಂಥ ಬೇಡಿಕೆಗಳು ಹೆಚ್ಚಿದಷ್ಟೂ ಧಾರ್ಮಿಕ ಸಮುದಾಯಗಳು ಹೆಚ್ಚು ಕಾಲ ಬಾಳಿದವು, ಲೌಕಿಕ ಸಮುದಾಯಗಳಲ್ಲಿ ಆ ಸಂಬಂಧ ಕಾಣಲಿಲ್ಲ. ಈ ಬಂಧವನ್ನು ನಾವು ಕೀಳಾಗಿ ಕಾಣುತ್ತಿಲ್ಲ. ಕಾಯಿಲೆ ಬಿದ್ದವನ ಬಳಿಗೆ ಮೊದಲು ಓಡಿ ಬರುವವರು ಇದೇ ಬಂಧದವರು. ನೀವು ನೋಡಬೇಕಾದದ್ದು ಆ ಬಂಧ ಯಾವ ಕಡೆ ಮುಖ ಮಾಡಿ ನಿಂತಿದೆ ಎಂಬುದನ್ನು.

ಇದಕ್ಕೆ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿ. ಜೆರೆಮಿ ಗಿಂಜೆಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಪ್ಯಾಲೆಸ್ತೀನಿ ಮುಸ್ಲಿಮರು, ಇಸ್ರೇಲಿ ಯಹೂದಿಗಳು, ಭಾರತದ ಹಿಂದೂಗಳು, ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತರು, ಮೆಕ್ಸಿಕೋದ ಕ್ಯಾಥೊಲಿಕರು ಮೊದಲಾದವರ ಅಭಿಪ್ರಾಯ ಸಂಗ್ರಹಗಳಿದ್ದವು. ಒಬ್ಬ ವ್ಯಕ್ತಿ ಎಷ್ಟು ಸಲ ಪ್ರಾರ್ಥಿಸುತ್ತಾನೆ ಎಂಬುದಕ್ಕೂ ಆಚೆಯವರ ಮೇಲಿನ ಹಿಂಸೆಗೆ ಅವನು ಕೊಡುವ ಬೆಂಬಲಕ್ಕೂ ನಂಟು ಸಿಗಲಿಲ್ಲ. ಸಾಮೂಹಿಕ ಪೂಜೆ-ಪ್ರಾರ್ಥನೆಗೆ ಎಷ್ಟು ಸಲ ಹೋಗುತ್ತಾನೆ ಎಂಬುದಕ್ಕೆ ನಂಟು ಸಿಕ್ಕಿತು. ದೇವರೊಡನೆ ಒಬ್ಬಂಟಿಯಾಗಿ ಮಾತಾಡುವುದು ಒಂದು, ನಮ್ಮವರ ನಡುವೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಇನ್ನೊಂದು. ಇದು ಸಹಸಂಬಂಧ ಮಾತ್ರ, ಕಾರಣ ಇದೇ ಎಂದು ಕೈಬೆರಳು ತೋರಿಸಲಾಗದು. ಹಾಗಾದರೆ ಸಾಮೂಹಿಕ ಆಚರಣೆಯೇ ಅಪಾಯವೇ?

ಅಲ್ಲ ಎನ್ನುತ್ತದೆ ಎರಡನೆಯ ಅಧ್ಯಯನ. ಪಾಕಿಸ್ತಾನದಲ್ಲಿ 2006ರ ಹಜ್‌ಗೆ ಅರ್ಜಿ ಹಾಕಿದವರನ್ನು ಲಾಟರಿ ಎತ್ತಿ ಆರಿಸಲಾಗಿತ್ತು. ಹೋದವರು, ಹೋಗದವರು ಇಬ್ಬರೂ ಒಂದೇ ತರಹದ ಜನ, ವ್ಯತ್ಯಾಸ ಅದೃಷ್ಟದ್ದು. 1,600ಕ್ಕೂ ಹೆಚ್ಚು ಅರ್ಜಿದಾರರನ್ನು ತಿಂಗಳುಗಳ ನಂತರ ಮಾತಾಡಿಸಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಇದು: ಹೋಗಿ ಬಂದವರ ಧರ್ಮಾಚರಣೆ ಹೆಚ್ಚಿತ್ತು, ಅದರ ಜೊತೆಗೇ ಬೇರೆ ಪಂಗಡ, ಬೇರೆ ಜನಾಂಗ, ಹೆಣ್ಣುಮಕ್ಕಳು, ಬೇರೆ ಧರ್ಮೀಯರು ಇವರೆಲ್ಲರ ಬಗೆಗಿನ ಧೋರಣೆ ಮೃದುವಾಗಿತ್ತು. ಭಕ್ತಿ ಏರಿತು, ಸಹನೆಯೂ ಏರಿತು. ನಮ್ಮ ಓದು ಹೀಗಿದೆ: ಅಲ್ಲಿ ಅವರು ದೇಶದೇಶಗಳ ಅಪರಿಚಿತರ ಜೊತೆ ಒಂದೇ ಅಂತಸ್ತಿನಲ್ಲಿ, ಒಂದೇ ಗುರಿಗಾಗಿ, ವಾರಗಟ್ಟಲೆ ಕಳೆದರು. ಅವರ ಮಟ್ಟಿಗೆ ‘ನಾವು’ ಎಂಬ ಗೆರೆಯೇ ಅಗಲವಾಯಿತು. ಇದಕ್ಕಾಗಿ ಯಾರೂ ಅವರ ಶ್ರದ್ಧೆಯನ್ನು ತಗ್ಗಿಸಲಿಲ್ಲ, ಯಾರೂ ಅವರಿಗೆ ಸಹಿಷ್ಣುತೆಯ ಉಪನ್ಯಾಸ ಕೊಡಲಿಲ್ಲ.

ಉಪನ್ಯಾಸದ ಶಕ್ತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಸಭೆಗಳ ಬಹುಪಾಲು ಸಮಯ ಅದಕ್ಕೇ ಹೋಗುತ್ತದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಿನ್ಸ್‌ಟನ್‌ನ ಪಾದ್ರಿ ತರಬೇತಿ ವಿದ್ಯಾರ್ಥಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. 40 ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಬೈಬಲ್ ದೃಷ್ಟಾಂತದ ಮೇಲೆ ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಲು ಹೇಳಿದರು. ಉಳಿದವರಿಗೆ ಬೇರೆ ವಿಷಯ. ಹೋಗುವ ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಅವಸರವಿಲ್ಲದವರಲ್ಲಿ ಶೇ. 63, ಸ್ವಲ್ಪ ಅವಸರವಿದ್ದವರಲ್ಲಿ ಶೇ. 45, ತೀರಾ ತಡವಾಗಿದೆ ಎಂದು ಓಡುತ್ತಿದ್ದವರಲ್ಲಿ ಶೇ. 10 ಮಂದಿ ನೆರವು ನೀಡಿದರು. ಆ ದೃಷ್ಟಾಂತವನ್ನೇ ತಲೆಯಲ್ಲಿಟ್ಟುಕೊಂಡು ಹೋಗುತ್ತಿದ್ದುದು ಗಣನೀಯ ವ್ಯತ್ಯಾಸ ಮಾಡಲಿಲ್ಲ. ಸಣ್ಣ ಪ್ರಯೋಗವೇ ಸರಿ. ಆದರೂ ದಯೆಯ ಪಾಠಕ್ಕಿಂತ ದಯೆಗೆ ಎಡೆ ಮಾಡಿಕೊಡುವ ಸಂದರ್ಭ ದೊಡ್ಡದು ಎಂಬುದನ್ನು ಅದು ನಿಚ್ಚಳವಾಗಿ ತೋರಿಸುತ್ತದೆ.

ಇನ್ನು ‘ಎಲ್ಲ ಧರ್ಮಗಳ ಸಾರ ಒಂದೇ’ ಎಂಬ ಘೋಷಣೆ. ಸದಾಶಯದ ಈ ಮಾತು ಕೇಳುಗರಲ್ಲಿ ಅನೇಕರನ್ನು ಒಳಗೊಳಗೇ ದೂರ ತಳ್ಳುತ್ತದೆ, ಕಾರಣವೂ ಸ್ಪಷ್ಟ. ತನ್ನ ಗುಂಪಿನ ವಿಶಿಷ್ಟತೆ ಅಳಿಸಿಹೋಗುತ್ತಿದೆ ಎನಿಸಿದಾಗ ಮನುಷ್ಯ ವ್ಯತ್ಯಾಸವನ್ನು ಇನ್ನಷ್ಟು ಎತ್ತಿ ಹಿಡಿಯುತ್ತಾನೆ. ಮ್ಯಾಥ್ಯೂ ಹಾರ್ನ್ಸಿ ಮತ್ತು ಮೈಕೆಲ್ ಹಾಗ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿಜ್ಞಾನ-ಗಣಿತದ ಮತ್ತು ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆ ‘ನೀವೆಲ್ಲ ಒಂದೇ ವಿಶ್ವವಿದ್ಯಾಲಯದವರು’ ಎಂದಷ್ಟೇ ಒತ್ತಿ ಹೇಳಿದಾಗ ಪಕ್ಷಪಾತ ಹೆಚ್ಚಿತು. ಅವರವರ ವಿಭಾಗದ ಗುರುತನ್ನೂ ವಿಶ್ವವಿದ್ಯಾಲಯದ ಗುರುತನ್ನೂ ಒಟ್ಟಿಗೆ ಮುಂದಿಟ್ಟಾಗ ತಗ್ಗಿತು. ಇಂಥ ಅರೆಮನಸ್ಸಿನ ಗುರುತುಗಳಲ್ಲೇ ಹೀಗಾದರೆ, ಒಬ್ಬ ಮನುಷ್ಯ ಸಾಯುವಾಗಲೂ ಹಿಡಿದುಕೊಳ್ಳುವ ಗುರುತಿನ ಗತಿ ಏನು? ಗುರುಹಿರಿಯರಲ್ಲಿ ನಮ್ಮ ವಿನಂತಿ: ವ್ಯತ್ಯಾಸಗಳನ್ನು ಕರಗಿಸಲು ಹೋಗಬೇಡಿ. ‘ನಮ್ಮ ದಾರಿ ಬೇರೆ, ನಿಮ್ಮ ದಾರಿ ಬೇರೆ, ಈ ಕೆಲಸ ಮಾತ್ರ ನಮ್ಮಿಬ್ಬರದು’ ಎಂದು ಹೇಳಿ. ಅದು ನಿಜವೂ ಹೌದು, ಕೇಳುವವನಿಗೆ ಭಯ ಹುಟ್ಟಿಸದ ಮಾತೂ ಹೌದು.

ಒಡನಾಟದ ಬಗ್ಗೆ ಗೊತ್ತಿರುವುದು ಬಹಳ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ನಾಲ್ಕು ಷರತ್ತುಗಳನ್ನು ಹೇಳಿದ್ದರು: ಎರಡೂ ಕಡೆಯವರಿಗೆ ಸಮಾನ ಸ್ಥಾನ, ಒಂದೇ ಗುರಿ, ಗುರಿ ಮುಟ್ಟಲು ಪರಸ್ಪರ ಸಹಕಾರ, ಮೇಲಿನವರ ಸ್ಪಷ್ಟ ಬೆಂಬಲ. ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ತಗ್ಗುವುದು ಕಂಡಿತು. ಸರಾಸರಿ ಸಹಸಂಬಂಧ ಸುಮಾರು −0.21 (0 ಎಂದರೆ ನಂಟೇ ಇಲ್ಲ, −1 ಎಂದರೆ ಒಂದು ಏರಿದಂತೆ ಇನ್ನೊಂದು ತಪ್ಪದೆ ಇಳಿಯುತ್ತದೆ). ಷರತ್ತುಗಳಿದ್ದಲ್ಲಿ ಪರಿಣಾಮ ಹೆಚ್ಚು, ಇಲ್ಲದಿದ್ದಲ್ಲೂ ಸ್ವಲ್ಪ ಇತ್ತು. ಪವಾಡವೇನಲ್ಲ, ಹಾಗೆಂದು ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ನಿಮ್ಮ ಸಭೆಯಲ್ಲಿ ನಾಲ್ಕನೆಯ ಷರತ್ತು ಮಾತ್ರ ಈಡೇರುತ್ತಿದೆ.

ಬರೀ ಒಟ್ಟಿಗೆ ಕೂರಿಸುವುದರಿಂದ ಏನಾಗಬಹುದೆಂದು ಮುಜಾಫರ್ ಷೆರಿಫ್ 1954ರಲ್ಲಿ ಅಮೆರಿಕದ ಓಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ ನೋಡಿದರು. 11ರ ಆಸುಪಾಸಿನ 22 ಹುಡುಗರನ್ನು ಎರಡು ತಂಡ ಮಾಡಿ ಪಂದ್ಯಗಳಲ್ಲಿ ಎದುರುಬದುರು ನಿಲ್ಲಿಸಿದರು. ಬೈಗುಳ, ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಎಲ್ಲ ಆಯಿತು. ಆಮೇಲೆ ಒಟ್ಟಿಗೆ ಸಿನಿಮಾ ತೋರಿಸಿ, ಒಟ್ಟಿಗೆ ಊಟಕ್ಕೆ ಕೂರಿಸಿದರು. ಊಟದ ತಟ್ಟೆಗಳೇ ಆಯುಧವಾದವು. ಶಿಬಿರದ ನೀರಿನ ಸರಬರಾಜು ನಿಂತಾಗ ಎಲ್ಲರೂ ಸೇರಿ ಕಾರಣ ಹುಡುಕಬೇಕಾಗಿ ಬಂದದ್ದು, ಸಿನಿಮಾ ತರಿಸಲು ಎರಡೂ ತಂಡ ಹಣ ಒಟ್ಟುಮಾಡಿದ್ದು, ಹೊರಡದ ಲಾರಿಯನ್ನು ಎಲ್ಲರೂ ಹಗ್ಗ ಹಿಡಿದು ಎಳೆದದ್ದು, ಇಂಥ ಕೆಲಸಗಳು ಒಂದಾದ ಮೇಲೊಂದು ಬಂದಾಗ ಬಿಗುವು ಇಳಿಯತೊಡಗಿತು. ಒಂದು ಸಲಕ್ಕೆ ಇಳಿಯಲಿಲ್ಲ. ಇದಕ್ಕೆ ಹಿಂದಿನ ವರ್ಷ ಇದೇ ಷೆರಿಫ್ ನಡೆಸಿದ ಇನ್ನೊಂದು ಶಿಬಿರದ ಸುದ್ದಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಹುಡುಗರು ಮೊದಲೇ ಬೆರೆತು ಗೆಳೆಯರಾಗಿದ್ದರು. ಬೇರ್ಪಡಿಸಿ ಕೆಣಕಿದರೂ ಕಾದಾಡಲಿಲ್ಲ, ಪ್ರಯೋಗವನ್ನೇ ಕೈಬಿಡಬೇಕಾಯಿತು. ನಿಮ್ಮ ಕೆಲಸಕ್ಕೆ ಇದಕ್ಕಿಂತ ಬೆಲೆಯುಳ್ಳ ಸಂಗತಿ ನಮಗೆ ಗೊತ್ತಿಲ್ಲ: ಗೆಳೆತನ ಮೊದಲು ಬಂದರೆ ಗೆರೆ ಎಳೆಯುವುದು ಕಷ್ಟ.

ಹಾಗಾಗಿ ಸಭೆಯ ಬದಲು ಕೆಲಸವನ್ನು ಯೋಜಿಸಿ. ಐದಾರು ಜನರ ತಂಡಗಳು ಸಾಕು. ಎಲಿಯಟ್ ಆರನ್ಸನ್ 1971ರಲ್ಲಿ ಆಸ್ಟಿನ್‌ನ ಶಾಲೆಗಳಲ್ಲಿ ಶುರುಮಾಡಿದ ಕ್ರಮ ದೊಡ್ಡವರಿಗೂ ಒಗ್ಗುತ್ತದೆ. ಕೆಲಸಕ್ಕೆ ಬೇಕಾದ ಮಾಹಿತಿಯ ಒಂದೊಂದು ತುಂಡು ಒಬ್ಬೊಬ್ಬರ ಬಳಿ ಮಾತ್ರ ಇರುತ್ತದೆ, ಹಾಗಾಗಿ ಯಾರನ್ನೂ ಬಿಟ್ಟು ಮುಂದೆ ಹೋಗಲಾಗದು. ಯಾವ ಸಮುದಾಯದವರೂ ತಂಡದಲ್ಲಿ ಒಬ್ಬರೇ ಇರದಂತೆ, ಕನಿಷ್ಠ ಇಬ್ಬರಿರುವಂತೆ ನೋಡಿಕೊಳ್ಳಿ. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ವಕ್ತಾರರಾಗಿಬಿಡುತ್ತಾರೆ, ಪ್ರತಿ ಸುದ್ದಿಗೂ ಅವರೇ ಉತ್ತರ ಕೊಡಬೇಕಾಗುತ್ತದೆ. ಮೊದಲ ಕೆಲಸ ಖಂಡಿತ ಗೆಲ್ಲುವಂಥ ಸಣ್ಣ ಕೆಲಸವಾಗಿರಲಿ. ಹಿಂದೆ ಪೈಪೋಟಿ ಇದ್ದ ಗುಂಪುಗಳು ಕೂಡಿ ಮಾಡಿದ ಕೆಲಸ ಸೋತರೆ ತಪ್ಪು ಆಚೆಯವರ ತಲೆಗೆ ಹೋಗುತ್ತದೆ, ಸಂಬಂಧ ಮೊದಲಿಗಿಂತ ಹದಗೆಡುತ್ತದೆ. 1977ರಷ್ಟು ಹಿಂದೆಯೇ ಇದು ಪ್ರಯೋಗಗಳಲ್ಲಿ ಕಂಡಿದೆ. ಆಟ ಆಡಿಸುವುದಾದರೆ ಮತಕ್ಕೊಂದು ತಂಡ ಮಾಡಬೇಡಿ. ಆತಿಥ್ಯ ವಹಿಸುವವರು ಯಾವಾಗಲೂ ಒಂದೇ ಸಮುದಾಯದವರು, ಇನ್ನೊಂದು ಸಮುದಾಯ ಯಾವಾಗಲೂ ಅತಿಥಿ ಎಂಬ ಸ್ಥಿತಿ ಬೇಡ. ಅತಿಥಿಗೆ ಗೌರವ ಸಿಗುತ್ತದೆ, ಸಮಾನತೆ ಸಿಗುವುದಿಲ್ಲ. ತಂಡಕ್ಕೊಬ್ಬ ತರಬೇತಾದ ನಿರ್ವಾಹಕರು ಇರಲೇಬೇಕು, ಏಕೆಂದರೆ ಒಂದು ಕಹಿ ಭೇಟಿ ಮನಸ್ಸನ್ನು ಕೆಡಿಸುವಷ್ಟು ಒಂದು ಸಿಹಿ ಭೇಟಿ ಸರಿಪಡಿಸದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಫಲ ಎಲ್ಲಿ ನಿಂತುಬಿಡುತ್ತದೆ ಎಂಬುದನ್ನೂ ತಿಳಿದಿರಬೇಕು. ಸಲ್ಮಾ ಮೂಸಾ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇರಾಕಿನದು. ಐಸಿಸ್ ದಾಳಿಯಿಂದ ಮನೆಮಠ ಬಿಟ್ಟು ಓಡಿದ್ದ ಕ್ರೈಸ್ತರಿಗಾಗಿ ನಡೆಸಿದ ಫುಟ್ಬಾಲ್ ಲೀಗ್‌ನಲ್ಲಿ ಕೆಲವು ತಂಡಗಳಿಗೆ ಕ್ರೈಸ್ತ ಆಟಗಾರರನ್ನೇ, ಕೆಲವಕ್ಕೆ ಮುಸ್ಲಿಮರನ್ನು ಸೇರಿಸಲಾಯಿತು. ಯಾವ ತಂಡಕ್ಕೆ ಏನು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. ಮಿಶ್ರ ತಂಡಗಳ ಕ್ರೈಸ್ತರು ಆರು ತಿಂಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುವ ಸಾಧ್ಯತೆ ಹೆಚ್ಚಿತ್ತು, ಕ್ರೀಡಾಸ್ಫೂರ್ತಿಯ ಬಹುಮಾನಕ್ಕೆ ಬೇರೆ ತಂಡದ ಮುಸ್ಲಿಂ ಆಟಗಾರರಿಗೆ ಮತ ಹಾಕಿದರು. ಆದರೆ ಮೈದಾನದ ಹೊರಗಿನ ಅಪರಿಚಿತ ಮುಸ್ಲಿಮರ ವಿಷಯಕ್ಕೆ ಬಂದಾಗ ಬದಲಾವಣೆ ಬಹಳ ದುರ್ಬಲವಾಗಿತ್ತು. ಮನಸ್ಸು ಇಲ್ಲಿ ಒಂದು ಉಪಾಯ ಹೂಡುತ್ತದೆ: ‘ಇವನು ಒಳ್ಳೆಯವನು, ಅವರಂಥವನಲ್ಲ.’ ಒಳ್ಳೆಯವನನ್ನು ಅಪವಾದ ಮಾಡಿಬಿಟ್ಟರೆ ಗುಂಪಿನ ಬಗೆಗಿನ ಅಭಿಪ್ರಾಯ ಹಾಗೇ ಉಳಿಯುತ್ತದೆ. ಇದನ್ನು ತಪ್ಪಿಸಲು ಗುರುತನ್ನು ಮುಚ್ಚಿಡಬಾರದು. ಮೊದಲು ಪರಿಚಯ ಕುದುರಲಿ, ಕೆಲವು ವಾರಗಳ ನಂತರ ನಂಬಿಕೆ, ವ್ರತ, ಮನೆಯ ನಿಯಮಗಳ ಮಾತು ತಾನಾಗಿ ಬರುವಂಥ ಸಂದರ್ಭ ಕಲ್ಪಿಸಿ. ಒಬ್ಬರ ಜೊತೆ ನಿಲ್ಲಿಸದೆ ಅದೇ ಸಮುದಾಯದ ನಾಲ್ಕೈದು ಭಿನ್ನ ಸ್ವಭಾವದವರ ಒಡನಾಟ ಸಿಗಲಿ.

ಇನ್ನೊಂದು ಎಚ್ಚರಿಕೆ ಅಧಿಕಾರಿಗಳಿಗೆ ವಿಶೇಷವಾಗಿ. ಸೌಹಾರ್ದ ನ್ಯಾಯದ ಬದಲಿಯಲ್ಲ. ತಮಾರ್ ಸಾಗಯ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಸಾಮ್ಯಗಳನ್ನಷ್ಟೇ ಮಾತಾಡಿಸುವ ಸಿಹಿ ಭೇಟಿಯ ನಂತರ ಕೆಳಗಿನ ಸ್ಥಾನದಲ್ಲಿದ್ದ ಗುಂಪು ‘ಇವರು ನಮಗೆ ನ್ಯಾಯವಾಗಿ ಹಂಚುತ್ತಾರೆ’ ಎಂದು ನಿರೀಕ್ಷಿಸಿತು; ಮೇಲಿನ ಗುಂಪು ಆ ನಿರೀಕ್ಷೆಗೆ ತಕ್ಕಂತೆ ಹಂಚಲಿಲ್ಲ. ದೂರುಗಳನ್ನು ಹೇಳಿಕೊಳ್ಳಲು ಜಾಗವಿಲ್ಲದ ಸೌಹಾರ್ದ ಸಭೆಯಿಂದ ಬಲವಿದ್ದವರಿಗೆ ನೆಮ್ಮದಿ, ಇಲ್ಲದವರಿಗೆ ಆಮೇಲೆ ಮೋಸಹೋದ ಭಾವ. ಮೂರನೆಯ ಅಥವಾ ನಾಲ್ಕನೆಯ ಭೇಟಿಯ ಹೊತ್ತಿಗೆ ದೂರುಗಳನ್ನು ಮೇಜಿನ ಮೇಲೆ ಇಡಲು ಸಮಯ ಗೊತ್ತುಮಾಡಿ.

ಧರ್ಮಗುರುಗಳೇ, ನಿಮ್ಮ ಮಾತಿಗೆ ಅತಿ ಹೆಚ್ಚು ಬಲವಿರುವುದು ಜಂಟಿ ವೇದಿಕೆಯಲ್ಲಲ್ಲ, ನಿಮ್ಮವರಷ್ಟೇ ಸೇರಿರುವ ಕಡೆ. ಅಲ್ಲಿ ಆಚೆಯವರನ್ನು ಹೀಯಾಳಿಸುವ ಮಾತು ಬಂದಾಗ ಕೂತವರಲ್ಲಿ ಅನೇಕರಿಗೆ ಅದು ಹಿಡಿಸಿರುವುದಿಲ್ಲ. ಉಳಿದವರೆಲ್ಲ ಒಪ್ಪಿದ್ದಾರೆ ಎಂದು ಒಬ್ಬೊಬ್ಬರೂ ಭಾವಿಸಿ ಸುಮ್ಮನಿರುತ್ತಾರೆ, ಆ ಮೌನವೇ ಒಪ್ಪಿಗೆಯಂತೆ ಕಾಣುತ್ತದೆ. ಸಾಲೊಮನ್ ಆಶ್ 1950ರ ದಶಕದ ಪ್ರಯೋಗಗಳಲ್ಲಿ, ಗೆರೆಗಳ ಉದ್ದ ಹೋಲಿಸುವ ಸುಲಭದ ಲೆಕ್ಕದಲ್ಲೂ ಸುತ್ತಲಿನವರೆಲ್ಲ ತಪ್ಪು ಹೇಳಿದಾಗ ಸುಮಾರು ಮೂರನೆಯ ಒಂದರಷ್ಟು ಸಲ ಜನ ಆ ತಪ್ಪಿಗೇ ದನಿಗೂಡಿಸಿದರು. ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಹೀಗೆ ಬಾಗುವುದು ಮೊದಲಿದ್ದುದರ ಕಾಲುಭಾಗಕ್ಕಿಳಿಯಿತು. ಆ ಒಬ್ಬರು ನೀವಾಗಬೇಕು. ನರಮೇಧದ ನಂತರದ ರುವಾಂಡಾದಲ್ಲಿ ಒಂದು ವರ್ಷ ಸಾಮರಸ್ಯದ ಸಂದೇಶವಿದ್ದ ರೇಡಿಯೊ ನಾಟಕ ಕೇಳಿಸಿ ಎಲಿಜಬೆತ್ ಲೆವಿ ಪಾಲಕ್ ಮಾಡಿದ ಅಧ್ಯಯನವೂ (2009) ಇದನ್ನೇ ಬೆಂಬಲಿಸುತ್ತದೆ. ಕೇಳುಗರ ಸ್ವಂತ ನಂಬಿಕೆಗಳು ಹೆಚ್ಚೇನೂ ಬದಲಾಗಲಿಲ್ಲ. ‘ನಮ್ಮ ಜನ ಹೇಗೆ ನಡೆದುಕೊಳ್ಳುತ್ತಾರೆ’ ಎಂಬ ಗ್ರಹಿಕೆ ಬದಲಾಯಿತು, ಅದರೊಂದಿಗೆ ನಡತೆಯೂ. ‘ಇದು ನಮ್ಮವರು ಮಾಡುವ ಕೆಲಸವಲ್ಲ’ ಎಂದು ನೀವು ಹೇಳುವ ಒಂದು ವಾಕ್ಯ, ಪರಧರ್ಮದ ಹಿರಿಮೆಯ ಬಗ್ಗೆ ನೀವು ಕೊಡುವ ಒಂದು ಗಂಟೆಯ ಪ್ರವಚನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಒಳಗಿನ ಮಾತಿನಲ್ಲಿ ಇನ್ನೊಂದು ದೋಷವನ್ನೂ ಹಿಡಿಯಿರಿ. 1974ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಕ್ಷಿಣ ಭಾರತದ 30 ಮಂದಿ ಹಿಂದೂ ಗುಮಾಸ್ತರಿಗೆ ಕೆಲವು ಸನ್ನಿವೇಶಗಳನ್ನು ಕೊಟ್ಟು ಕಾರಣ ಕೇಳಿದಾಗ, ತಮ್ಮವನು ಒಳ್ಳೆಯದು ಮಾಡಿದರೆ ಅದು ಅವನ ಗುಣ, ಕೆಟ್ಟದು ಮಾಡಿದರೆ ಸಂದರ್ಭ ಎಂದರು. ಮುಸ್ಲಿಮನ ವಿಷಯದಲ್ಲಿ ತಿರುಗುಮುರುಗು. ಬಾಂಗ್ಲಾದೇಶದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಸಂಖ್ಯಾತ ಮುಸ್ಲಿಮರೂ ಹಿಂದೂಗಳ ಬಗ್ಗೆ ಇದೇ ಲೆಕ್ಕ ಹಾಕಿದರು. ಇದು ಒಂದು ಧರ್ಮದ ಕಾಯಿಲೆಯಲ್ಲ. ಉದ್ದೇಶಗಳ ವಿಷಯದಲ್ಲೂ ಹಾಗೆಯೇ: ನಾವು ಕಾದಾಡುವುದು ನಮ್ಮವರ ಮೇಲಿನ ಪ್ರೀತಿಗೆ, ಅವರು ಕಾದಾಡುವುದು ನಮ್ಮ ಮೇಲಿನ ದ್ವೇಷಕ್ಕೆ ಎಂದು ಇಸ್ರೇಲಿಗಳೂ ಪ್ಯಾಲೆಸ್ತೀನಿಯರೂ ಒಂದೇ ರೀತಿ ಹೇಳಿದ್ದು 2014ರ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಆಚೆಯವರು ನಮ್ಮನ್ನು ಎಷ್ಟು ದ್ವೇಷಿಸುತ್ತಾರೆ ಎಂಬ ಅಂದಾಜು ಬಹಳ ಸಲ ವಾಸ್ತವಕ್ಕಿಂತ ದೊಡ್ಡದಿರುತ್ತದೆ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ, ನಿಜವಾದ ಉತ್ತರಗಳನ್ನು ಎರಡೂ ಕಡೆ ಓದಿ ಹೇಳುವುದು ಖರ್ಚಿಲ್ಲದ, ಪರಿಣಾಮವಿರುವ ಕೆಲಸ.

ವದಂತಿಯ ರಾತ್ರಿಗೆ ಸಿದ್ಧತೆ ಹಗಲಲ್ಲೇ ಆಗಿರಬೇಕು. ಅಶುತೋಷ್ ವಾರ್ಷ್ನೇಯ 1950ರಿಂದ 1995ರವರೆಗಿನ ಭಾರತದ ಗಲಭೆಗಳ ದಾಖಲೆ ಹಿಡಿದು, ಗಲಭೆಯಾದ ಮತ್ತು ಆಗದ ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ವ್ಯಾಪಾರಿ ಸಂಘ, ವೃತ್ತಿ ಸಂಘ, ಕಾರ್ಮಿಕ ಸಂಘಗಳಲ್ಲಿ ಎರಡೂ ಸಮುದಾಯದವರು ಕೂಡಿ ಕೆಲಸ ಮಾಡುತ್ತಿದ್ದ ನಗರಗಳು ಹೆಚ್ಚು ತಡೆದುಕೊಂಡವು. ನೆರೆಹೊರೆಯ ದಿನನಿತ್ಯದ ಸ್ನೇಹಕ್ಕಿಂತ ಇಂಥ ಸಂಘಟಿತ ನಂಟು ಗಟ್ಟಿಯಾಗಿತ್ತು. ಸಂಘ ಮೊದಲೇ ಇದ್ದಲ್ಲಿ ಶಾಂತಿ ಸಮಿತಿಗೆ ಜೀವವಿರುತ್ತದೆ, ಇಲ್ಲದಲ್ಲಿ ಅದು ಸಹಿ ಹಾಕುವ ಸಮಿತಿ. ವದಂತಿ ಬಂದಾಗ ಅನುಸರಿಸಬೇಕಾದ ಕ್ರಮವೂ ಸರಳ. ಸುಳ್ಳನ್ನು ತಲೆಬರಹ ಮಾಡಬೇಡಿ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸುತ್ತದೆ ಎಂದು 1977ರಿಂದ ಗೊತ್ತಿದೆ. ನಡೆದದ್ದನ್ನು ಮೊದಲು ಹೇಳಿ, ಹಬ್ಬಿರುವುದು ಯಾಕೆ ತಪ್ಪು ಎಂದು ಒಂದು ಸಲ ಹೇಳಿ, ಮತ್ತೆ ನಡೆದದ್ದಕ್ಕೆ ಬನ್ನಿ. ‘ಅದು ಸುಳ್ಳು’ ಎಂದಷ್ಟೇ ಹೇಳಿದರೆ ಮನಸ್ಸಿನಲ್ಲಿ ಖಾಲಿ ಜಾಗ ಉಳಿದು ಹಳೆಯ ಕಥೆಯೇ ವಾಪಸು ಬಂದು ಕೂರುತ್ತದೆ, ಆದ್ದರಿಂದ ಬದಲಿ ವಿವರಣೆ ಕೊಡಲೇಬೇಕು: ಗಾಯ ಹೇಗಾಯಿತು, ಆ ಚಿತ್ರ ಎಲ್ಲಿಯದು, ಯಾವಾಗಿನದು. ಹೇಳುವವರು ಕೇಳುವವರ ಸಮುದಾಯದವರೇ ಆಗಿರಲಿ. ತಿದ್ದಲು ಹೋದರೆ ಜನ ಇನ್ನಷ್ಟು ಹಠ ಹಿಡಿಯುತ್ತಾರೆ ಎಂಬ ಭಯ ಬೇಡ. ಆ ಕುರಿತ 2010ರ ಫಲಿತಾಂಶ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಮರುಕಳಿಸಲಿಲ್ಲ.

ಭಕ್ತರನ್ನು ಯೋಚಿಸದವರು ಎಂದು ತಳ್ಳಿಹಾಕುವ ಗೆಳೆಯರಿಗೂ ಇಲ್ಲೇ ಒಂದು ಮಾತು, ನಿಮ್ಮ ಸಭೆಗಳಿಗೆ ಅವರೂ ಬರುತ್ತಾರಾದ್ದರಿಂದ. ತರ್ಕಬದ್ಧ ಯೋಚನೆಗೆ ಪ್ರಚೋದಿಸಿದರೆ ನಂಬಿಕೆ ಕುಗ್ಗುತ್ತದೆ ಎಂದು 2012ರಲ್ಲಿ ಹೆಸರು ಮಾಡಿದ ಪ್ರಯೋಗವೊಂದು ದೊಡ್ಡ ಪ್ರಮಾಣದ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಲೆಕ್ಕದಲ್ಲಿ ಚುರುಕಾದವರು ತಮ್ಮ ಪಕ್ಷಕ್ಕೆ ಒಪ್ಪದ ಅಂಕಿಅಂಶವನ್ನು ಇನ್ನಷ್ಟು ಜಾಣತನದಿಂದ ತಳ್ಳಿಹಾಕುತ್ತಾರೆ ಎಂದು ಡ್ಯಾನ್ ಕಹಾನ್ ತೋರಿಸಿದ್ದಾರೆ. ಗುಂಪಿನ ಗೆರೆ ಎಲ್ಲರ ತಲೆಯಲ್ಲೂ ಇದೆ.

ಕಡೆಯದಾಗಿ ಅಳತೆಯ ಮಾತು, ಅನುದಾನ ಕೊಡುವವರಿಗೆ. ಸೇರಿದವರ ಸಂಖ್ಯೆ ಮತ್ತು ಫೋಟೊ ಯಶಸ್ಸಿನ ಪುರಾವೆಯಲ್ಲ. ‘ಎಲ್ಲ ಧರ್ಮಗಳನ್ನು ಗೌರವಿಸುತ್ತೀರಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕಳೆದ ಒಂದು ತಿಂಗಳಲ್ಲಿ ಆಚೆಯ ಸಮುದಾಯದ ಎಷ್ಟು ಜನರಿಗೆ ಫೋನು ಮಾಡಿದಿರಿ, ಯಾರ ಮನೆಗೆ ಹೋಗಿದ್ದಿರಿ, ವದಂತಿ ಕೇಳಿದಾಗ ಯಾರನ್ನು ವಿಚಾರಿಸಿದಿರಿ ಎಂದು ಕೇಳಿ. ಕಾರ್ಯಕ್ರಮಕ್ಕೆ ಮೊದಲು ಒಮ್ಮೆ, ಮುಗಿದಾಗ ಒಮ್ಮೆ, ಆರು ತಿಂಗಳಾದ ಮೇಲೆ ಮತ್ತೊಮ್ಮೆ ಕೇಳಿ. ಜಾಗಕ್ಕಿಂತ ಅರ್ಜಿ ಹೆಚ್ಚು ಬಂದರೆ ಚೀಟಿ ಎತ್ತಿ ಆರಿಸಿ, ಉಳಿದವರಿಗೆ ಮುಂದಿನ ಸರದಿ ಕೊಡಿ. ಇಬ್ಬರನ್ನೂ ಹೋಲಿಸಿದರೆ ಕಾರ್ಯಕ್ರಮ ನಿಜಕ್ಕೂ ಏನಾದರೂ ಮಾಡಿತೇ ಎಂಬುದು ತಿಳಿಯುತ್ತದೆ. ಎಲಿಜಬೆತ್ ಪಾಲಕ್ ಮತ್ತು ಜೊತೆಗಾರರು 2019ರಲ್ಲಿ ಹುಡುಕಿದಾಗ, ಹೀಗೆ ಚೀಟಿ ಎತ್ತಿ, ಸಮಯ ಬಿಟ್ಟು ಅಳೆದ ಒಡನಾಟದ ಅಧ್ಯಯನಗಳು ಸಿಕ್ಕಿದ್ದು 27 ಮಾತ್ರ. ಫಲ ಸಿಗದಿದ್ದರೆ ಅದನ್ನೂ ಪ್ರಕಟಿಸಿ, ಮುಂದಿನವರಿಗೆ ಅದೇ ಖರ್ಚು ತಪ್ಪುತ್ತದೆ.

ಮುಂದಿನ ಆರ್ಥಿಕ ವರ್ಷದ ಯೋಜನೆ ಸಿದ್ಧವಾಗುವ ಮೊದಲು, ಒಂದು ದೊಡ್ಡ ಸಭೆಗೆ ಇಟ್ಟ ಹಣವನ್ನು ಹತ್ತು ವಾರ ನಡೆಯುವ ಸಣ್ಣ ತಂಡಗಳ ಒಂದು ಕಾರ್ಯಕ್ರಮಕ್ಕೆ ಪ್ರಾಯೋಗಿಕವಾಗಿ ತಿರುಗಿಸಿ ಎಂಬುದು ನಮ್ಮ ಬೇಡಿಕೆ. ತಂಡಗಳ ರಚನೆ, ನಿರ್ವಾಹಕರ ತರಬೇತಿ, ಪ್ರಶ್ನಾವಳಿ, ಫಲಿತಾಂಶದ ವಿಶ್ಲೇಷಣೆ ಇಷ್ಟನ್ನೂ ಸಂಭಾವನೆಯಿಲ್ಲದೆ ಮಾಡಿಕೊಡಲು ನಾವು ಸಿದ್ಧರಿದ್ದೇವೆ. ಯಾವ ಕೆಲಸ, ಯಾವ ಜಾಗ, ಯಾರು ಯಾರು ಎಂಬುದನ್ನು ಎಲ್ಲ ಸಮುದಾಯಗಳ ಪ್ರತಿನಿಧಿಗಳು ಕೂತು ನಿರ್ಧರಿಸಲಿ. ಆ ಮೊದಲ ಮಾತುಕತೆಗೆ ದಿನಾಂಕ ಗೊತ್ತುಮಾಡಿ ತಿಳಿಸಿ.

ಇಂತಿ ವಿಶ್ವಾಸಪೂರ್ವಕ,
ಸಮಾಜ ಮನಶ್ಶಾಸ್ತ್ರದ ಅಧ್ಯಾಪಕರು